ಕುಸುಬಿ: ನಮ್ಮ ಹೊಲದ ಎಣ್ಣೆ

ಅಕ್ಕ ತಂಗಿಯರೇ,

ಒಗ್ಗರಣೆಗೆ ಎಣ್ಣೆ ಎಲ್ಲಿಂದ ತರ್ತೀವಿ? ಅಂಗಡಿಯಿಂದ. ನಮ್ಮ ಅಜ್ಜಿಯರು ಹೊಲದಿಂದ ತರುತ್ತಿದ್ದರು. ವಿಜಯಪುರ, ಗದಗ, ಕಲಬುರಗಿ ಕಡೆ ಎರೆ ಹೊಲದಲ್ಲಿ ಬಿಳಿಜೋಳದ ಸಂಗಡ ಕುಸುಬಿ ಇರುತ್ತಿತ್ತು. ಈಗ ಆ ಸಾಲುಗಳು ಕಡಿಮೆಯಾಗಿವೆ. ಯಾಕೆ? ಮುಳ್ಳು! ಕೊಯ್ಯೋಕೆ ಆಳು ಬರೋದಿಲ್ಲ ಅಂತಾರೆ. ಸುಳ್ಳಲ್ಲ. ಮುಳ್ಳು ಚುಚ್ಚೋದು ಹೆಚ್ಚಾಗಿ ನಮ್ಮ ಕೈಗೇ. ಅದಕ್ಕೇ ನಸುಕಿನಲ್ಲಿ ಕೊಯ್ಯಬೇಕು. ಇಬ್ಬನಿಗೆ ಮುಳ್ಳು ಮೆತ್ತಗಾಗಿರುತ್ತದೆ. ಕೈಗೆ ಬಟ್ಟೆ ಸುತ್ತಿಕೊಳ್ಳೋಣ. ಇದೇ ಮುಳ್ಳಿಗೆ ದನಗಳೂ ಹೆದರುತ್ತವೆ. ಹೊಲದ ಅಂಚಿಗೆ ಕುಸುಬಿ ಬಿತ್ತಿದರೆ ಒಳಗಿನ ಜೋಳಕ್ಕೆ ಬೇಲಿ ಆಯಿತು.

ಮಳೆ ನಿಂತ ಮೇಲೂ ಕುಸುಬಿ ಹೇಗೆ ಬದುಕುತ್ತದೆ? ಇದರ ತಾಯಿಬೇರು ಬಹಳ ಆಳಕ್ಕೆ ಇಳಿಯುತ್ತದೆ. ಎರೆ ಮಣ್ಣಿನ ತಳದಲ್ಲಿರುವ ಹಸಿಯನ್ನು ಹೀರುತ್ತದೆ. ಆದರೆ ಬಿತ್ತನೆ ತಡ ಮಾಡಬಾರದು. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನೊಳಗೆ ಬಿತ್ತಬೇಕು. ತಡವಾದರೆ ಹೇನಿನ ಕಾಟ ಹೆಚ್ಚು.

ಎಳೆ ಎಲೆ ಪಲ್ಯಕ್ಕೆ ಬರುತ್ತದೆ. ಕಾಳು ನೆನೆಸಿ, ರುಬ್ಬಿ, ಹಾಲು ಹಿಂಡಿ, ಗೋಧಿ ಬೆಲ್ಲ ಹಾಕಿದರೆ ಹುಗ್ಗಿ. ಅದರ ರುಚಿ ಉಂಡವರಿಗೇ ಗೊತ್ತು! 100 ಕಿಲೋ ಕಾಳಿನಲ್ಲಿ ಸುಮಾರು 30 ಕಿಲೋ ಎಣ್ಣೆ ಇರುತ್ತದೆ. ಗಾಣದಲ್ಲಿ ಅಷ್ಟೂ ಇಳಿಯೋದಿಲ್ಲ. ಸಿಪ್ಪೆ ತೆಗೆದು ಆಡಿಸಿದ ಹಿಂಡಿ ದನಕ್ಕೆ, ಸಿಪ್ಪೆ ಸಮೇತ ಆಡಿಸಿದ್ದು ಹೊಲದ ಗೊಬ್ಬರಕ್ಕೆ.

ಹೊಲವೆಲ್ಲಾ ಕುಸುಬಿ ಬಿತ್ತಿರಿ ಅಂತ ನಾವು ಹೇಳೋದಿಲ್ಲ. ಜೋಳವೂ ಬೇಕು. ಹಿಂಗಾರಿ ಬಿತ್ತನೆಯ ಮಾತು ಬಂದಾಗ ನಾವೂ ಕೂತು ಮಾತಾಡೋಣ. ಮನೆಯ ಎಣ್ಣೆಗೆ ನಾಲ್ಕು ಸಾಲು ಬಿಡಿ ಅಂತ ಕೇಳೋಣ.