ಯಾರ ಮಾತು ಕೇಳೋದು?



1834ರಲ್ಲಿ ಬಾಸೆಲ್ ಮಿಷನ್‌ನವರು ಬಂದ ಮಂಗಳೂರು ನನ್ನೂರು. ಅಲ್ಲಿಂದ ಉಪ್ಪಲ್‌ಗೆ ಬಂದಾಗ ನಾನಿನ್ನು ಸ್ವತಂತ್ರ ಅಂದುಕೊಂಡೆ. ಭಾನುವಾರ ಎಬ್ಬಿಸಿ ಚರ್ಚಿಗೆ ಕಳಿಸೋಕೆ ಅಮ್ಮ ಇಲ್ವಲ್ಲ! ಆದರೆ ಅಪ್ರೈಸಲ್ ಕುಣಿಸಿದ ಹಾಗೆ ಕುಣಿದೆ. ಒಮ್ಮೆ ಮಾಡದ ಟೆಸ್ಟಿಂಗನ್ನು ಮಾಡಿದ್ದೇನೆ ಅಂತ ಬರೆದುಕೊಟ್ಟೆ. ಮೂರು ರಾತ್ರಿ ನಿದ್ದೆ ಬರಲಿಲ್ಲ. ಫೋನ್ ಬಡಿದುಕೊಂಡರೆ ಸಾಕು, ಎದೆ ಧಸಕ್ಕೆನ್ನುತ್ತಿತ್ತು.

ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಪೌಲನು ಹೇಳೋದು ಇದನ್ನೇ: ನಾವು ಯಾರ ಮಾತು ಕೇಳ್ತೀವೋ ಅವರಿಗೇ ದಾಸರು. ಪಾಪಕ್ಕೋ, ದೇವರಿಗೋ. ಯಜಮಾನನೇ ಇಲ್ಲದವನು ಅಂತ ಅಲ್ಲಿ ಯಾರೂ ಇಲ್ಲ.

ನಾಲ್ಕನೇ ದಿನ ರಾಯದುರ್ಗದ ಮೆಟ್ರೋದಲ್ಲಿ ನಿಂತುಕೊಂಡೇ ಪ್ರಾರ್ಥನೆ ಮಾಡಿ, ಹೋಗಿ ಮ್ಯಾನೇಜರ್‌ಗೆ ನಿಜ ಹೇಳಿಬಿಟ್ಟೆ. ರಿಲೀಸ್ ನಿಂತಿತು, ಆ ವರ್ಷದ ಬೋನಸ್ಸೂ ಹೋಯ್ತು. (ಇಎಂಐ ಮಾತ್ರ ನಿಲ್ಲಲಿಲ್ಲ, ಬಿಡಿ.) ರಾತ್ರಿ ಫೋನ್ ಬಂತು. ಯಾರದು ಅಂತ ನೋಡದೇ ಎತ್ತಿದೆ.