ಕಾಯಕಶಾಲೆಯ ಕಟ್ಟೋಣವನ್ನು ಕುರಿತು

 

ಈ ಮಹೋತ್ಸವದ ನೆನಪಿಗಾಗಿ ಮಠದ ಬಯಲಿನಲ್ಲಿ ಕಾಯಕಶಾಲೆಯೊಂದನ್ನು ಕಟ್ಟಿಸಬೇಕೆಂದು ನಿಶ್ಚಯವಾಗಿರುವುದಷ್ಟೆ. ಹೊಲಿಯುವವರೂ ನೇಯುವವರೂ ಲೆಕ್ಕ ಬರೆಯುವವರೂ ದಿನವೆಲ್ಲ ಕುಳಿತು ದುಡಿಯತಕ್ಕ ಆ ಮನೆ ಎಂತಿರಬೇಕೆಂಬುದೇ ನನ್ನ ಮಾತಿನ ವಿಷಯ. ಕಾಯಕವನ್ನು ಪೂಜೆಯೆಂದು ತಿಳಿದ ನಮಗೆ ಅದೂ ಪೂಜಾಗೃಹವೇ.

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಬೇಸಗೆಯನ್ನು ನಿಮಗೆ ವರ್ಣಿಸಬೇಕಾದುದಿಲ್ಲ. ಉಷ್ಣತೆ 42 ಡಿಗ್ರಿಗಳನ್ನು ದಾಟಿದ ದಿನ ಸಿಮೆಂಟಿನ ತೆಳುಗೋಡೆಯ ಕೋಣೆ ಕಾದ ಹಂಚಾಗುತ್ತದೆ. ಅದನ್ನು ತಂಪುಗೊಳಿಸಲು ವಿದ್ಯುತ್ತು ಬೇಕು. ನಮ್ಮ ದೇಶದಲ್ಲಿ ವಿದ್ಯುತ್ತಿನ ಬಹುಪಾಲು ಇನ್ನೂ ಕಲ್ಲಿದ್ದಲನ್ನು ಉರಿಸಿಯೇ ಹುಟ್ಟುತ್ತದೆ. ಸಿಮೆಂಟಾದರೋ ನಮ್ಮದೇ ಜಿಲ್ಲೆಯ ಸುಣ್ಣಗಲ್ಲನ್ನು ವಾಡಿ, ಸೇಡಂಗಳ ಭಟ್ಟಿಗಳಲ್ಲಿ ಸುಟ್ಟು ಮಾಡಿದ್ದು. ಶುದ್ಧ ಸುಣ್ಣಗಲ್ಲು 100 ಮಣ ಬೆಂದರೆ, ಉರುವಲಿನ ಹೊಗೆ ಹಾಗಿರಲಿ, ಕಲ್ಲಿನೊಳಗಿಂದಲೇ 44 ಮಣ ಇಂಗಾಲಾಮ್ಲವಾಯು ಆಕಾಶಕ್ಕೇರುತ್ತದೆ. ನಮ್ಮ ತಂಪಿಗಾಗಿ ಲೋಕಕ್ಕೆ ಉರಿಯನ್ನು ಹಂಚುವುದು ದಾಸೋಹವಾದೀತೇ? ಅದೇ ಕಲ್ಲನ್ನು ಸುಡದೆ, ಶಹಾಬಾದದ ಪರಸಿಯಾಗಿ ಸೀಳಿ ಹಾಸಿದರೆ ಬರಿಗಾಲಿಗೂ ಹಿತ.

ಹಿರಿಯರು ದಪ್ಪ ಕಲ್ಲುಗೋಡೆ, ಮಣ್ಣಿನ ಮಾಳಿಗೆ, ಬೆಳಕಿಂಡಿಗಳಿಂದ ಈ ಬಿಸಿಲನ್ನು ಗೆದ್ದಿದ್ದರು. ಆದರೆ ಹಳೆಯದೆಂಬ ಮಾತ್ರಕ್ಕೆ ಎಲ್ಲವನ್ನೂ ಹೊಗಳುವವರೊಡನೆ ನಾನಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಆಳಂದಕ್ಕೆ ಬಹುದೂರವಲ್ಲದ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ, ಇಂಥವೇ ಗೋಡೆಗಳು ಬಿರಿದು, ಇಂಥವೇ ಭಾರದ ಮಾಳಿಗೆಗಳು ಮಲಗಿದವರ ಮೇಲೆ ಕುಸಿದು, ಸಾವಿರಾರು ಜನ ಮಡಿದರು. 2020ರ ಅಕ್ಟೋಬರದಲ್ಲಿ ಭೀಮೆಯ ಮಹಾಪೂರ ಅಫಜಲಪುರ, ಜೇವರ್ಗಿ ತಾಲೂಕುಗಳ ದಂಡೆಯ ಹಳ್ಳಿಗಳಿಗೆ ನುಗ್ಗಿದಾಗ ಮಣ್ಣಿನ ಗೋಡೆಗಳು ನೆನೆದು ಬಿದ್ದವು.

ಆದಕಾರಣ ಗೋಡೆ ಕಲ್ಲಿನದೇ ಇರಲಿ. ಆದರೆ ಅದರ ಒಳಮೈ ಹೊರಮೈಗಳೆರಡನ್ನೂ ಹಿಡಿದು ನಿಲ್ಲಿಸುವ ಉದ್ದಗಲ್ಲುಗಳು ಅಲ್ಲಲ್ಲಿ ಇರತಕ್ಕದ್ದು. ಬಾಗಿಲ ತಲೆಮಟ್ಟದಲ್ಲಿ ಎಲ್ಲ ಗೋಡೆಗಳನ್ನೂ ಸುತ್ತಿ ಬಿಗಿಯುವ ಕಬ್ಬಿಣ-ಸಿಮೆಂಟಿನ ಪಟ್ಟಿಯೊಂದು ಬರಲಿ. ಜೀವ ಉಳಿಸುವ ಆ ಸ್ಥಳಕ್ಕೆ ಸಿಮೆಂಟನ್ನು ವೆಚ್ಚಮಾಡೋಣ, ಅಲಂಕಾರಕ್ಕೆ ಬೇಡ. ಮಾಳಿಗೆ ಹಗುರವಾಗಿ, ಮೇಲೆ ಸುಣ್ಣದ ಬಿಳುಪಿರಲಿ. ಎರೆಭೂಮಿ ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವುದರಿಂದ ಅಡಿಪಾಯವನ್ನು ಗಟ್ಟಿನೆಲ ಸಿಗುವವರೆಗೆ ಅಗೆಯಬೇಕು. ಇದರಲ್ಲಿ ಜಿಪುಣತನ ಸಲ್ಲದು. 1,000 ಚದರಡಿ ಮಾಳಿಗೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 2,300 ಲೀಟರು ನೀರಾಗುತ್ತದೆ. ಮರಳಿನಲ್ಲಿ ಸೋಸಿ ಅದನ್ನು ಬಾವಿಗೆ ತಿರುಗಿಸಬಹುದು.

ಕಟ್ಟಡದ ಉದ್ದನೆಯ ಮೈಗಳು ಉತ್ತರ ದಕ್ಷಿಣಗಳಿಗಿರಲಿ. ಪಡುವಣ ಬಿಸಿಲಿಗೆ ಪಡಸಾಲೆ, ಅದರಾಚೆ ಬೇವಿನ ಸಾಲು. ಬೇವಿನ ಸಸಿಗಳನ್ನು ಮಾತ್ರ ಕಟ್ಟಡಕ್ಕಾಗಿ ಕಾಯದೆ ಬರುವ ಮುಂಗಾರಿನಲ್ಲಿಯೇ ನೆಡಿಸಬೇಕೆಂದು ಶ್ರೀಗಳವರಲ್ಲಿ ಬಿನ್ನವಿಸುತ್ತೇನೆ. ಗೋಡೆ ಏಳುವುದರೊಳಗೆ ಅವು ಆಳೆತ್ತರವಾದರೂ ಆಗಿರುತ್ತವೆ.