ಮಂಗನ ಕಾಯಿಲೆ: ತಡೆ ಏಕೆ ಕಷ್ಟ?



ರಕ್ತಸ್ರಾವವಾಗುವ ವೈರಸ್ ಜ್ವರ ಎಂದೊಡನೆ ನಮಗೆ ಆಫ್ರಿಕದ ಎಬೋಲಾ ನೆನಪಾಗುತ್ತದೆ. ಆದರೆ ಅದೇ ಗುಂಪಿಗೆ ಸೇರಿದ ಜ್ವರವೊಂದಕ್ಕೆ ನಮ್ಮ ನಾಡಿನ ಕಾಡಿನ ಹೆಸರೇ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗರೂ ಜ್ವರದಿಂದ ಮಲಗಿದರು. ಇದು ಹಳದಿ ಜ್ವರವಿರಬಹುದೇ ಎಂಬ ಶಂಕೆ ಮೊದಲು ಮೂಡಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಪರೀಕ್ಷಿಸಿದಾಗ ಅದು ಹೊಸ ವೈರಸ್ ಎಂದು ತಿಳಿಯಿತು. ಅದೇ ಕ್ಯಾಸನೂರು ಕಾಡಿನ ಕಾಯಿಲೆ, ಜನರ ಬಾಯಲ್ಲಿ ಮಂಗನ ಕಾಯಿಲೆ.

ಎಬೋಲಾ ರೋಗಿಯಿಂದ ಇನ್ನೊಬ್ಬರಿಗೆ ಹರಡುತ್ತದೆ. ಆದ್ದರಿಂದ ರೋಗಿಯನ್ನು ಪ್ರತ್ಯೇಕವಾಗಿಟ್ಟರೆ ಸರಪಳಿ ಕಡಿಯುತ್ತದೆ. ಮಂಗನ ಕಾಯಿಲೆ ಹಾಗಲ್ಲ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಸರಪಳಿ ಇರುವುದು ಕಾಡಿನೊಳಗೆ. ಇಲಿಯಂಥ ಸಣ್ಣ ಪ್ರಾಣಿಗಳು ಮತ್ತು ಉಣ್ಣೆಗಳ ನಡುವೆ ವೈರಸ್ ಸುತ್ತುತ್ತಿರುತ್ತದೆ. ಸೋಂಕು ತಗಲಿದ ಮಂಗ ಸತ್ತಾಗ ಅದರ ಮೈಮೇಲಿನ ಉಣ್ಣೆಗಳು ನೆಲಕ್ಕಿಳಿಯುತ್ತವೆ. ಸೌದೆಗೋ ದರಗಿಗೋ ಅಲ್ಲಿಗೆ ಹೋದವರನ್ನು ಅವು ಕಚ್ಚುತ್ತವೆ. ದನಗಳು ವೈರಸ್ಸನ್ನು ಹರಡದಿದ್ದರೂ ಉಣ್ಣೆಗಳ ಸಂಖ್ಯೆ ಹೆಚ್ಚಲು ನೆರವಾಗುತ್ತವೆ. ಸಣ್ಣ ಉಣ್ಣೆಮರಿಗಳು ಹೆಚ್ಚಾಗುವ ಡಿಸೆಂಬರ್‌ನಿಂದ ಮೇವರೆಗಿನ ಕಾಲವೇ ಕಾಯಿಲೆಯ ಕಾಲ.

ಹೀಗಿರುವಾಗ ತಡೆ ಹೇಗೆ? ಕಾಡಿನ ಉಣ್ಣೆಗಳನ್ನೆಲ್ಲ ಕೊಲ್ಲಲಾಗದು. ಸತ್ತ ಮಂಗದ ಸುತ್ತ 50 ಅಡಿಯಷ್ಟು ಜಾಗಕ್ಕೆ ಕೀಟನಾಶಕ ಹಾಕಬಹುದು. ಆದರೆ ಸುದ್ದಿ ಬೇಗ ಮುಟ್ಟಬೇಕು. ಕಾಡಿಗೆ ಹೋಗಬೇಡಿ ಎನ್ನುವುದು ಸುಲಭ. ದಿನದ ಒಲೆ, ಕೊಟ್ಟಿಗೆ, ಕೂಲಿ ಎಲ್ಲವೂ ಕಾಡನ್ನೇ ನೆಚ್ಚಿರುವ ಬಡವರಿಗೆ ಆ ಮಾತು ಪಾಲಿಸುವುದು ಸುಲಭವಲ್ಲ. ಮೊದಲ ದಿನಗಳ ಜ್ವರ, ತಲೆನೋವು, ಮೈಕೈ ನೋವು ಬೇರೆ ಜ್ವರಗಳಂತೆಯೇ ಇರುವುದರಿಂದ ರೋಗವನ್ನು ಗುರುತಿಸುವುದೂ ತಡವಾಗುತ್ತದೆ. ವೈರಸ್ಸನ್ನೇ ಕೊಲ್ಲುವ ನಿರ್ದಿಷ್ಟ ಔಷಧಿ ಇಲ್ಲ. ದೇಹದ ನೀರಿನಂಶ ಕಾಪಾಡುವುದು, ರಕ್ತಸ್ರಾವಕ್ಕೆ ಚಿಕಿತ್ಸೆ ನೀಡುವುದೇ ದಾರಿ. ರೋಗ ತಗಲಿದ 100 ಮಂದಿಯಲ್ಲಿ ಸುಮಾರು 3ರಿಂದ 5 ಮಂದಿ ಸಾಯುತ್ತಾರೆ.

ಲಸಿಕೆಯ ಕಥೆಯೂ ಪಾಠ ಕಲಿಸುತ್ತದೆ. 1990ರಿಂದ ಬಳಸುತ್ತಿದ್ದ ಲಸಿಕೆಯನ್ನು ತಿಂಗಳ ಅಂತರದಲ್ಲಿ ಎರಡು ಸಲ, ಮತ್ತೆ ಕೆಲವು ತಿಂಗಳ ಬಳಿಕ, ಆಮೇಲೆ ವರ್ಷವರ್ಷವೂ ಹಾಕಿಸಿಕೊಳ್ಳಬೇಕಿತ್ತು. ಅನೇಕರು ಅರ್ಧಕ್ಕೇ ಬಿಟ್ಟರು. ರಕ್ಷಣೆಯೂ ಸಾಲದೆಂದು ಕಂಡುಬಂದು 2022ರಲ್ಲಿ ಅದರ ಬಳಕೆ ನಿಂತಿತು. ಹೊಸ ಲಸಿಕೆಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಶ್ರಮಿಸುತ್ತಿದೆ.

ಬೆಳಗೊಳದಂಥ ಕಾಲುವೆ, ಗದ್ದೆಗಳ ಊರಿನವರಿಗೆ ಇದು ದೂರದ ಮಲೆನಾಡಿನ ಮಾತೆನಿಸಬಹುದು. ಆದರೆ 2012ರಲ್ಲಿ ಈ ವೈರಸ್ ಬಂಡೀಪುರದಲ್ಲಿ ಪತ್ತೆಯಾಯಿತು. ಅದು ಬೆಳಗೊಳದಿಂದ ಸುಮಾರು 100 ಕಿಲೋಮೀಟರ್ ಅಷ್ಟೆ.

ಕಾಡಂಚಿನಲ್ಲಿ ಸತ್ತ ಮಂಗ ಕಂಡರೆ ಮುಟ್ಟಬೇಡಿ. ಕೂಡಲೇ ಆರೋಗ್ಯ ಅಥವಾ ಅರಣ್ಯ ಇಲಾಖೆಗೆ ತಿಳಿಸಿ. ಕಾಡಿಗೆ ಹೋಗುವವರು ಉಣ್ಣೆ ನಿವಾರಕ ಎಣ್ಣೆ ಸವರಿ, ಮೈತುಂಬ ಬಟ್ಟೆ ತೊಟ್ಟು, ಮರಳಿದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಲಿ. ಜ್ವರ ಬಂದರೆ ಕಾಡಿಗೆ ಹೋಗಿದ್ದುದನ್ನು ವೈದ್ಯರಿಗೆ ಹೇಳಲಿ. ಹೆಸರು ಮಂಗನದಾದರೂ ತಪ್ಪು ಮಂಗನದಲ್ಲ. ಅದೂ ನಮ್ಮಂತೆ ರೋಗಕ್ಕೆ ತುತ್ತಾದ ಜೀವಿ; ನಮಗಿಂತ ಮೊದಲೇ ಸತ್ತು ಎಚ್ಚರಿಕೆ ಕೊಡುವ ಜೀವಿ.